ಮಾಡಿನ ಗೆರೆ

ಹಳದೀಪುರ ದಾಟುವವರೆಗೂ ಮೋಹನ ಒಂದೇ ವಾಕ್ಯವನ್ನು ಬಾಯೊಳಗೆ ತಿದ್ದುತ್ತಿದ್ದ. 'ಅದು ಷೇರಿನ ಚಾರ್ಟ್ ಅಲ್ಲ ಅಂತ ನನಗೆ ಗೊತ್ತಿತ್ತು, ತಿಮ್ಮಪ್ಪಣ್ಣ.' ಹೊನ್ನಾವರದಲ್ಲಿ ಬಸ್ಸು ಹತ್ತುವಾಗ ವಾಕ್ಯ ಹೀಗೆ ನೆಟ್ಟಗಿತ್ತು. ಕರ್ಕಿ ಬರುವಷ್ಟರಲ್ಲಿ 'ಗೊತ್ತಿತ್ತು' ಎಂಬುದು 'ಅನುಮಾನ ಬಂದಿತ್ತು' ಎಂದಾಯಿತು. ಹಳದೀಪುರದಲ್ಲಿ ಮೀನಿನ ಬುಟ್ಟಿ ಇಳಿಸಿಕೊಳ್ಳಲು ಬಸ್ಸು ನಿಂತಾಗ ಅದು 'ಗೊತ್ತಾಗಬೇಕಿತ್ತು' ಎಂಬಲ್ಲಿಗೆ ಬಂದು ಕೂತಿತು. ಗೊತ್ತಾಗಬೇಕಿತ್ತು ಎಂದರೆ ಯಾರಿಗೆ ಎಂಬುದು ಅದರಲ್ಲಿ ಇಲ್ಲ. ಅವನಿಗೂ ಆಗಬಹುದು, ತಿಮ್ಮಪ್ಪನಿಗೂ ಆಗಬಹುದು. ಅವನಿಗೆ ಸಮಾಧಾನವಾಯಿತು. ಸಮಾಧಾನವಾದದ್ದು ತಿಳಿದು ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ತಾನು ತುಟಿ ಅಲುಗಿಸುತ್ತಿದ್ದುದನ್ನು ಅವಳು ನೋಡಿರಬೇಕು.

ಬೆಳಿಗ್ಗೆ ಏಳನೆಯ ತರಗತಿಯವರಿಗೆ ಹೂಜಿಯ ನೆರಳು ಹಾಕುವುದನ್ನು ಕಲಿಸುತ್ತಿದ್ದಾಗ ತಿಮ್ಮಪ್ಪನ ಫೋನು ಬಂದಿತ್ತು. "ಸರ್, ಒಂದ್ಸಲ ಕುಮಟೆಗೆ ಬರ್ಲಿಕ್ಕೆ ಆಗ್ತದಾ? ನಮ್ಮನೆಯವ್ಳು ಲಕ್ಕಿಗೆ ರಾತ್ರಿಯಿಂದ ದಮ್ಮು. ಇಲ್ಲಿ ಆಸ್ಪತ್ರೆಗೆ ತಂದೇನೆ. ಮಾಡು ಒಡ್ದದೆ ಕಾಣ್ತದೆ ಸರ್. ಡಾಕ್ಟ್ರು ಈಗ್ಲೇ ಡಯಾಲಿಸಿಸ್ ಸುರು ಮಾಡ್ಬೇಕು ಹೇಳ್ತ್ರು, ಕುತ್ತಿಗೆಗೆ ನಳಿಗೆ ಹಾಕೂದಂತೆ. ನಮ್ಮ ಸರ್ ಬಂದು ನೋಡ್ಲಿ, ಆಮೇಲೆ ಸಹಿ ಹಾಕ್ತೆ ಅಂದೆ." ಕೊನೆಯ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯಿತ್ತು. 'ನಾನು ಬರುವವರೆಗೆ ಕಾಯಬೇಡಿ, ಸಹಿ ಹಾಕಿ' ಎಂದು ಫೋನಿನಲ್ಲೇ ಹೇಳಬಹುದಿತ್ತು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಅವನು "ಬಂದೆ" ಎಂದ. ಎದುರು ಹೇಳಬೇಕಾದ ವಿಷಯ ಎಂದು ತನಗೇ ಹೇಳಿಕೊಂಡ. ಬಸ್ಸಿನಲ್ಲಿ ಕೂತ ಮೇಲೆ, ಆ ಕ್ಷಣಕ್ಕೆ ತನಗೆ ಹಿತವಾಗಿದ್ದು ಏನೆಂಬುದನ್ನು ಕಿಟಕಿಯ ಕಡೆ ಮುಖ ಮಾಡಿ ಒಪ್ಪಿಕೊಂಡ. ಆಸ್ಪತ್ರೆಯೊಂದು ತನ್ನನ್ನು ಕಾಯುತ್ತಿತ್ತು.

ಅವನನ್ನು ಬೇರೆ ಯಾರೂ ಕಾಯುವುದಿಲ್ಲ. ಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ಡು ಎಂದರೆ ಗಣಿತದ ಪಾಠ ಮುಗಿಯದಿದ್ದವರು ಬಂದು ಎತ್ತಿಕೊಳ್ಳುವ ಪೀರಿಯಡ್ಡು. "ಮೋಹನ್ ಸರ್, ನಿಮ್ದು ಹ್ಯಾಗೂ ಚಿತ್ರ ಅಲ್ದಾ" ಎಂದು ಮುಗುಳ್ನಗುತ್ತಲೇ ಕೇಳುತ್ತಾರೆ. ಮನೆಯಲ್ಲಿ ಹೆಂಡತಿ ಸುಪ್ರಿಯಾ ಭಾನುವಾರ ಅವನು ಅಂಗಿ ಇಸ್ತ್ರಿ ಮಾಡಿಕೊಳ್ಳುವಾಗ, "ಎಂತ, ಗೆರೆ ಎಳಿಲಿಕ್ಕೆ ಹೊರಟ್ರಾ?" ಎಂದು ಕೇಳುವುದರಲ್ಲಿ ಈಗ ಕೊಂಕೂ ಉಳಿದಿಲ್ಲ; ಹಾಲು ಬಂತಾ ಎಂದು ಕೇಳಿದ ಹಾಗೆ ಕೇಳುತ್ತಾಳೆ. ಆದರೆ ಕುಮಟೆಯಲ್ಲಿ, ಸ್ಟೇಷನರಿ ಅಂಗಡಿಯ ಅಟ್ಟದ ಮೇಲೆ, ಭಾನುವಾರ ಹತ್ತೂವರೆಗೆ ಅವನು ಚಾಕ್‌ಪೀಸು ಹಿಡಿದರೆ ಭಟ್ಕಳದಿಂದ, ಸಂತೆಗುಳಿಯಿಂದ ಬಂದವರು ಮಾತು ನಿಲ್ಲಿಸುತ್ತಿದ್ದರು. ಷೇರಿನ ಬೆಲೆ ಏರಿಳಿದ ದಾರಿಯನ್ನು ನೋಡಿ ಮುಂದಿನ ದಾರಿಯನ್ನು ಹೇಳುವುದು ಅವರ ಬಳಗದ ಅಭ್ಯಾಸ. ಕಂಪನಿ ಏನು ತಯಾರಿಸುತ್ತದೆ, ಯಾರು ನಡೆಸುತ್ತಾರೆ ಎಂಬುದು ಅಲ್ಲಿ ಅಪ್ರಸ್ತುತ. ಎಲ್ಲವೂ ಗೆರೆಯಲ್ಲಿ ಆಗಲೇ ಬಂದಿರುತ್ತದೆ ಎಂಬುದು ಮೊದಲ ಪಾಠ. ಇಳಿಯುವ ಬೆಲೆಯನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಮಟ್ಟಕ್ಕೆ ಮೋಹನ 'ನೆಲ' ಎಂದು ಹೆಸರಿಟ್ಟಿದ್ದ. ಏರುವ ಬೆಲೆ ತಲೆ ಬಡಿದುಕೊಂಡು ಹಿಂದೆ ಸರಿಯುವ ಮಟ್ಟ 'ಮಾಡು'. ಇಂಗ್ಲಿಷಿನ ಸಪೋರ್ಟು, ರೆಸಿಸ್ಟೆನ್ಸುಗಳಿಗಿಂತ ಹೆಂಚಿನ ಮನೆಯವರಿಗೆ ಇದು ಬೇಗ ಹತ್ತಿತು. ಅಳತೆಪಟ್ಟಿ ಇಲ್ಲದೆ ಬೋರ್ಡಿನ ಆ ತುದಿಯಿಂದ ಈ ತುದಿಗೆ ಅವನು ಎಳೆಯುತ್ತಿದ್ದ ಗೆರೆ ಕೂದಲೆಳೆಯಷ್ಟೂ ಬಾಗುತ್ತಿರಲಿಲ್ಲ. ಜನ ಅದನ್ನು ನೋಡಲೆಂದೇ ಬರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಗೆರೆ ನೆಟ್ಟಗಿದ್ದರೆ ಮಾತೂ ನೆಟ್ಟಗಿರುತ್ತದೆ ಎಂದು ಅವರು ತಿಳಿದಿದ್ದರು. ಅವನೂ ಹಾಗೇ ತಿಳಿದಿದ್ದ.

ಭಟ್ಕಳದ ಹತ್ತಿರ ಜಾಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ವಿನೋದ ಬಂದ ಮೇಲೆ ಇದು ಕೆಟ್ಟಿತು. ಮೂವತ್ತು ದಾಟದ ಹುಡುಗ, ಮಡಿಲಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಏಲಕ್ಕಿ. ಮೋಹನ ಬೋರ್ಡಿನ ಮೇಲೆ ಎಳೆಯುವ ಗೆರೆಯನ್ನು ಅವನ ಯಂತ್ರ ಅದಕ್ಕೆ ಮೊದಲೇ ಎಳೆದು ಪಕ್ಕದವರಿಗೆ ತೋರಿಸುತ್ತಿತ್ತು. ಮೋಹನನ ಓದು ಸಾಲಾಗಿ ಎರಡು ಸಲ ತಪ್ಪಿದ ಭಾನುವಾರ ವಿನೋದ ಎದ್ದು ನಿಂತು ಬಹಳ ವಿನಯದಿಂದ, "ಸರ್ ಗೆರೆ ಫಸ್ಟ್ ಕ್ಲಾಸ್ ಅದೆ. ಪಕ್ಕದಲ್ಲಿ ಒಂದು ರಬ್ಬರ್ ಇಟ್ಕೊಂಡ್ರೆ ಆತು" ಎಂದ. ಸಂತೆಗುಳಿಯವರು ನಕ್ಕರು. ನಗದೆ ಇದ್ದವನು ತಿಮ್ಮಪ್ಪ ಒಬ್ಬನೇ. ಕಾಸರಕೋಡಿನ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವ ಅವನು ಎಲ್ಲರಿಗಿಂತ ಹಿರಿಯ. ಮಾವಿನಕುರ್ವೆಯಿಂದ ಬೈಕಿನಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಒಂದು ಷೇರನ್ನೂ ಕೊಂಡವನಲ್ಲ. ತಂಪು ಏರಿಳಿಯುವುದನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸುವುದು ಅವನ ಕೆಲಸವಾಗಿತ್ತು. ಆ ಹಾಳೆಗಳ ಅರ್ಥ ತನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆಯೇ ಎನ್ನುತ್ತಿದ್ದ. ತಪ್ಪಿದ ಓದಿನ ನಂತರ ಮೆಟ್ಟಿಲಿಳಿಯುವಾಗ, "ಸುಳ್ಳು ಮುರಿತ ಇರ್ಬೇಕು ಸರ್. ನೀವೇ ಹೇಳ್ಕೊಟ್ಟದ್ದಲ್ದಾ?" ಎಂದು ಅವನೇ ಸಮಾಧಾನ ಹೇಳಿದ್ದ. ಬೆಲೆ ಮಾಡನ್ನು ಒಡೆದಂತೆ ಕಂಡು, ನಂಬಿದವರನ್ನು ಮೋಸಗೊಳಿಸಿ, ಮರಳಿ ಒಳಗೇ ಬೀಳುವುದಕ್ಕೆ ಸುಳ್ಳು ಮುರಿತ ಎಂದು ಹೆಸರು. ಇಂಥದೊಂದು ಮಾತಿರುವವರೆಗೆ ಯಾವ ಗೆರೆಯೂ ತಪ್ಪಾಗುವುದಿಲ್ಲ.

ಬಸ್ಸು ಧಾರೇಶ್ವರದಲ್ಲಿ ನಿಂತು ಹೊರಟಿತು. ಹೊರಗೆ ಬಿಸಿಲಿಗೆ ಹೆದ್ದಾರಿ ಬಿಳಿಚಿತ್ತು. ಅವನ ಕಣ್ಣ ಮುಂದೆ ಇದ್ದದ್ದು ಮಾತ್ರ ಆ ಹಾಳೆ.

ಬಳಗದಲ್ಲಿ ಪ್ರತಿ ಭಾನುವಾರ ಕೊನೆಗೆ ಮುಸುಕಿನ ಓದು ನಡೆಯುತ್ತದೆ. ಒಬ್ಬರು ಹೆಸರು, ತಾರೀಕು, ಬೆಲೆ ಯಾವುದೂ ಕಾಣದಂತೆ ಮುಚ್ಚಿದ ಚಾರ್ಟ್ ತರುತ್ತಾರೆ. ಓದುವವನು ಮೊದಲು, "ಇದು ಸಲಹೆ ಅಲ್ಲ, ಅಭ್ಯಾಸಕ್ಕೆ ಮಾತ್ರ" ಎನ್ನಬೇಕು. ಕೂತವರು "ಗೊತ್ತುಂಟು" ಎಂದು ಒಟ್ಟಿಗೆ ಹೇಳಬೇಕು. ಯಾರಾದರೂ ನಷ್ಟ ಮಾಡಿಕೊಂಡು ಬಂದು ಕೊರಳಪಟ್ಟಿ ಹಿಡಿಯಬಾರದೆಂದು ಮಾಡಿದ ಏರ್ಪಾಡು ಬರಬರುತ್ತ ಪೂಜೆಯ ಸಂಕಲ್ಪದ ಹಾಗಾಗಿತ್ತು. ಓದು ಮುಗಿಯುವುದು ಹಿಡಿ, ಬಿಡು, ಕಾಯಿ ಎಂಬ ಮೂರರಲ್ಲಿ ಒಂದು ಮಾತಿನಿಂದ. ಕಾಯಿ ಎಂದಾಗಲೆಲ್ಲ ಯಾರಾದರೂ, "ಒಡಿಯೂದಾ, ತುರಿಯೂದಾ?" ಎಂದು ಕೇಳುತ್ತಾರೆ. ಮಳೆಗಾಲ ಕಳೆದ ಆ ಭಾನುವಾರ ಹಾಳೆ ತಂದವನು ತಿಮ್ಮಪ್ಪ. ಐಸ್ ಫ್ಯಾಕ್ಟರಿಯ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನ ಚುಕ್ಕೆಗಳು, ಅವನ್ನು ಕೂಡಿಸಿದ ಗೆರೆ. ಮೇಲಕ್ಕೆ ಹೋಗಿ ಒಂದು ಮಟ್ಟ ಮುಟ್ಟಿ ಇಳಿದಿತ್ತು; ಮತ್ತೆ ಹೋಗಿ ಅಲ್ಲೇ ಮುಟ್ಟಿ ಇಳಿದಿತ್ತು; ಮೂರನೆಯ ಸಲವೂ ಅಲ್ಲೇ. ಮೋಹನನ ಕೈಬೆರಳು ಜುಮ್ಮೆಂದವು. ಪುಸ್ತಕದಲ್ಲಿ ಮಾತ್ರ ಕಾಣುವಂಥ ಚಂದದ ಮಾಡು. ಅದರ ಜೊತೆಗೇ ಅವನಿಗೆ ಇನ್ನೊಂದೂ ಕಂಡಿತು: ಚುಕ್ಕೆಗಳ ನಡುವಿನ ಅಂತರ ಸಮವಾಗಿರಲಿಲ್ಲ. ಎರಡು ಒತ್ತಾಗಿ, ಆಮೇಲೆ ಹೆಬ್ಬೆಟ್ಟಿನಷ್ಟು ಖಾಲಿ, ಮತ್ತೆ ಒಂದು. ಮಾರುಕಟ್ಟೆ ಹೀಗೆ ಮನಸ್ಸು ಬಂದಾಗ ಬಾಗಿಲು ತೆರೆಯುವುದಿಲ್ಲ. ಇದು ಷೇರುಪೇಟೆಯದಲ್ಲ. ಅಷ್ಟು ಸ್ಪಷ್ಟವಾಗಿ ತಿಳಿಯಿತು. ತಿಳಿದು, ಅದನ್ನು ಹೇಳಲೆಂದು ತಲೆ ಎತ್ತಿದಾಗ ಹಿಂದಿನ ಬೆಂಚಿನಿಂದ ವಿನೋದ, "ವಾಲ್ಯೂಮೇ ಇಲ್ವಲ್ಲ ಸರ್, ಎಷ್ಟು ಷೇರು ಕೈ ಬದ್ಲಾಯ್ತು ಅಂತ್ಲೇ ಇಲ್ಲ, ಹ್ಯಾಂಗೆ ಓದ್ತ್ರಿ? ಬಿಟ್ಬಿಡಿ" ಎಂದ.

"ಮುಖ ನೋಡಿದ್ರೆ ಸಾಕು. ಎಲ್ರದ್ದೂ ನಾಡಿ ಹಿಡೀಬೇಕಂತಿಲ್ಲ," ಎಂದ ಮೋಹನ. ಜನ ನಕ್ಕರು. ಈ ಸಲ ವಿನೋದನ ಕಡೆ ತಿರುಗಿ ನಕ್ಕರು. ಆ ನಗುವಿನ ಬಿಸಿಯಲ್ಲೇ ಅವನು ಮೂರು ತುದಿಗಳನ್ನು ಮುಟ್ಟಿಸಿ ಹಾಳೆಯ ಮೇಲೇ ಗೆರೆ ಎಳೆದ. ಮೂರು ಸಲ ಬಡಿದೂ ಒಡೆಯದ ಮಾಡು ಇನ್ನು ಒಡೆಯುವುದಿಲ್ಲ. ಏರುವ ಶಕ್ತಿ ಮುಗಿದಿದೆ. ಇಳಿಯುತ್ತದೆ, ನಿಧಾನಕ್ಕೆ, ಆದರೆ ಖಂಡಿತ ಇಳಿಯುತ್ತದೆ. "ಈಗ ಕೈ ಹಾಕುವ ಅಗತ್ಯ ಇಲ್ಲ. ಕಾಯಿ." ಒಡೆಯುವುದೋ ತುರಿಯುವುದೋ ಎಂದು ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಯಾವ ಕಂಪನಿ ಎಂದು ಕೇಳಿದವರಿಗೆ ತಿಮ್ಮಪ್ಪ, "ಆಮೇಲೆ ಹೇಳ್ತೆ" ಎಂದು ಹಾಳೆ ಮಡಚಿಕೊಂಡ. ಕೆಳಗೆ, ಅಂಗಡಿಯ ಬಾಗಿಲಲ್ಲಿ, ಮೋಹನನ ಎರಡೂ ಕೈ ಹಿಡಿದುಕೊಂಡು ಹೇಳಿದ: ಅದು ಹೆಂಡತಿ ಲಕ್ಕಿಯ ಮೂತ್ರಪಿಂಡದ ಲೆಕ್ಕ, ರಕ್ತದಲ್ಲಿ ಅದೊಂದು ಕ್ರಿಯಾಟಿನಿನ್ ಅಂತ ಇರುತ್ತದೆ, ಏರಿದಷ್ಟೂ ಕೆಟ್ಟದ್ದು. ಮುಂದೆ ಡಯಾಲಿಸಿಸ್ ಬೇಕಾಗುತ್ತದೆ, ಅದಕ್ಕೆ ಈಗಲೇ ತೋಳಿನ ನರ ಕೂಡಿಸುವ ಆಪರೇಷನ್ ಮಾಡಿಡೋಣ ಎಂದು ಡಾಕ್ಟರು ಒತ್ತಾಯ ಮಾಡುತ್ತಿದ್ದಾರೆ. "ಅವ್ಳಿಗೆ ಹೆದ್ರಿಕೆ. ನಂಗೂ ಎಂತ ಮಾಡೂದು ತಿಳಿಲಿಲ್ಲ. ಹೆಸ್ರು ಹೇಳಿದ್ರೆ ನೀವು ದಾಕ್ಷಿಣ್ಯಕ್ಕೆ ಹೇಳ್ತ್ರಿ. ಮುಸುಕು ಹಾಕಿದ್ರೆ ಸತ್ಯ ಹೇಳ್ತ್ರಿ ಅಂತ ತಂದೆ." ಡಾಕ್ಟರ ಮಾತನ್ನು ಮೀರಬೇಡಿ ಎಂದು ಮೋಹನ ಆಗ ಹೇಳಿದ. ಹೇಳಿದ್ದೇನೆ ಎಂದೇ ಅವನ ನೆನಪು. ಆ ಹೊತ್ತಿಗೆ ರಸ್ತೆಯಲ್ಲಿ ಒಂದು ಲಾರಿ ಹಾದುಹೋದದ್ದೂ ನೆನಪಿದೆ. ಲಾರಿ ಹೋದ ಮೇಲೆ ಅದನ್ನು ಇನ್ನೊಂದು ಸಲ ಹೇಳಲಿಲ್ಲ, ಅದಂತೂ ನಿಶ್ಚಯ. ಆ ಸಂಜೆ ಅವನು ಸುಪ್ರಿಯಾಗೆ ಜಿಲೇಬಿ ಒಯ್ದಿದ್ದ.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಮೆಟ್ಟಿಲ ತುದಿಗೆ ವಿನೋದ ನಿಂತಿದ್ದ. ಮೋಹನ ಇದನ್ನು ನಿರೀಕ್ಷಿಸಿರಲಿಲ್ಲ. ತಿದ್ದಿ ತಂದ ವಾಕ್ಯದಲ್ಲಿ ವಿನೋದನಿಗೆ ಜಾಗವಿರಲಿಲ್ಲ. ಬೆಳಗಿನ ಜಾವ ತಿಮ್ಮಪ್ಪ ಗಾಡಿ ಬೇಕೆಂದು ಬಳಗದ ವಾಟ್ಸಾಪಿನಲ್ಲಿ ಹಾಕಿದ್ದನ್ನು ಎಲ್ಲರೂ ನೋಡಿದ್ದರು. ಮೋಹನನೂ ನೋಡಿ, ಗಾಡಿಯಿದ್ದವರು ಹೋಗುತ್ತಾರೆ ಎಂದುಕೊಂಡಿದ್ದ. ಭಟ್ಕಳದ ಕಡೆಯಿಂದ ಅಷ್ಟು ದೂರ ಬಂದು, ಮಾವಿನಕುರ್ವೆಗೆ ಹೋಗಿ ಅವರನ್ನು ಕರೆತಂದವನು ವಿನೋದ. ಅಂಗಿಯ ಹೆಗಲ ಮೇಲೆ ವಾಂತಿ ಒಣಗಿದ ಗುರುತಿತ್ತು. ಏಲಕ್ಕಿಯ ವಾಸನೆ ಇರಲಿಲ್ಲ.

"ಬಂದ್ರಾ ಸರ್," ಎಂದ. "ಇವ್ರು ನಿಮ್ಮ ದಾರಿ ಕಾಯ್ತಾ ಕೂತದ್ದೇ. ನಾ ಹೇಳಿ ಹೇಳಿ ಸೋತೆ."

ಮಂಚದ ಪಕ್ಕ ಸ್ಟೂಲಿನ ಮೇಲೆ ತಿಮ್ಮಪ್ಪ ಕೂತಿದ್ದ. ದಿಂಬಿಗೆ ಒರಗಿಸಿ ಕೂರಿಸಿದ್ದ ಲಕ್ಕಿಯ ಮುಖ ಊದಿಕೊಂಡು ಮಿರುಗುತ್ತಿತ್ತು. ಉಸಿರಿಗಾಗಿ ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. ಮೋಹನ ಒಂದೇ ಸಲ ಅವಳ ಮನೆಗೆ ಹೋಗಿದ್ದ, ಆಗ ಬಂಗಡೆ ಹುರಿದು ಬಡಿಸಿದ್ದಳು. "ಬನ್ನಿ ಮಾಸ್ತರೇ," ಎಂದಳು. "ನಂದೆಂತೋ ಚಿತ್ರ ಬರ್ದಿರಂತೆ. ನಂಗೆ ತೋರ್ಸ್ಲೇ ಇಲ್ಲ ಇವ್ರು." ತನ್ನ ನಗುವಿಗೇ ಕೆಮ್ಮು ಬಂದು ಬಾಗಿದಳು. ತಿಮ್ಮಪ್ಪ ಅವಳ ಬೆನ್ನು ನೀವಿದ. ನೀವುತ್ತಲೇ ಇನ್ನೊಂದು ಕೈಯಿಂದ ಅಂಗಿಯ ಜೇಬಿನ ಹಾಳೆ ತೆಗೆದ.

ಯುವ ವೈದ್ಯೆಯೊಬ್ಬಳು ಬಂದಳು. ಮೋಹನನನ್ನು ಮೇಲಿಂದ ಕೆಳಕ್ಕೆ ನೋಡಿ, ಇಸ್ತ್ರಿಯ ಅಂಗಿ ನೋಡಿ, "ನೀವು ಇವರ ಕಡೆಯವರಾ? ಇವರು ಹೇಳ್ತಿದ್ದ ಸರ್ ನೀವೇನಾ?" ಎಂದಳು. ತಿಮ್ಮಪ್ಪ, "ಹೌದು, ನಮ್ಮ ಸರ್," ಎಂದ. ಅವಳ ಮುಖ ಸಡಿಲವಾಯಿತು. "ಒಳ್ಳೇದಾಯ್ತು. ನೀವು ತಿಳಿದವರು, ಸ್ವಲ್ಪ ಹೇಳಿ ಇವರಿಗೆ. ಪೊಟ್ಯಾಸಿಯಂ ತುಂಬ ಏರಿದೆ. ಯಾವ ಹೊತ್ತಿಗೂ ಹೃದಯ ನಿಲ್ಲಬಹುದು. ತೋಳಿನ ಆಪರೇಷನ್ ಮಾಡ್ಸಿಟ್ಟಿದ್ರೆ ಕುತ್ತಿಗೆಗೆ ಹಾಕ್ಬೇಕಿರ್ಲಿಲ್ಲ. ಅದು ಹೋಗ್ಲಿ. ಈಗ ಒಂದು ಸಹಿ ಸಾಕು, ಹತ್ತು ನಿಮಿಷದಲ್ಲಿ ಸುರು ಮಾಡ್ತೇವೆ." ನರ್ಸ್ ಕರೆದದ್ದಕ್ಕೆ ಪಕ್ಕದ ಮಂಚಕ್ಕೆ ಹೋದಳು. ಹೇಳುವುದಕ್ಕೆ ಇನ್ನು ಏನೂ ಅಡ್ಡ ಇರಲಿಲ್ಲ. ವಾಕ್ಯವನ್ನು ಕೂಡ ಬೇರೆಯವರೇ ಹೇಳಿಕೊಟ್ಟಿದ್ದರು. ಮೋಹನ ತಲೆ ಆಡಿಸಬೇಕಿತ್ತು, ಅಷ್ಟೇ.

"ಸರ್," ಎಂದು ವಿನೋದ ಹತ್ತಿರ ಬಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ದಣಿವಿತ್ತು. "ಆವತ್ತು ಹಾಳೆ ನೋಡುವಾಗ್ಲೇ ನಿಮ್ಗೆ ಗೊತ್ತಾಗ್ಲಿಲ್ವಾ, ಇದು ಷೇರಿಂದು ಅಲ್ಲ ಅಂತ? ಚುಕ್ಕೆ ಎಲ್ಲ ಎಲ್ಲೆಲ್ಲೋ ಇತ್ತು. ನಂಗೇ ಅನ್ಮಾನ ಬಂದಿತ್ತು."

ಇವನಿಗೂ ಕಂಡಿತ್ತು. ಹಿಂದಿನ ಬೆಂಚಿನಿಂದ, ಅಷ್ಟು ದೂರದಿಂದ. ಬಿಟ್ಟುಬಿಡಿ ಎಂದದ್ದು ಅದಕ್ಕೇ ಇರಬಹುದು. ಈಗ ಅನುಮಾನ ಬಂದಿತ್ತು ಎಂದರೆ ವಿನೋದನ ಮಾತನ್ನೇ ಎರಡನೆಯವನಾಗಿ ಹೇಳಿದಂತೆ. ಗೊತ್ತಾಗಬೇಕಿತ್ತು ಎಂದರೆ ಗೊತ್ತಾಗಲಿಲ್ಲ ಎಂದಂತೆ. ಕರ್ಕಿ, ಹಳದೀಪುರಗಳಲ್ಲಿ ಬಿಟ್ಟುಬಂದಿದ್ದ ಮೊದಲನೆಯ ವಾಕ್ಯ, ಹೊನ್ನಾವರದಲ್ಲಿದ್ದಷ್ಟೇ ನೆಟ್ಟಗೆ ಬಾಯಿಗೆ ಬಂತು. ಅದು ತನ್ನ ದನಿಯಲ್ಲಿ ಬೇರೆಯೇ ಆಗಿ ಹೊರಡುವುದನ್ನು ಅವನು ಕೇಳಿಸಿಕೊಂಡ.

"ನನಗೆ ಗೊತ್ತಿತ್ತು," ಎಂದ. "ಷೇರಿನದಲ್ಲ ಅಂತ ಗೊತ್ತಿದ್ದೇ ಓದಿದ್ದು. ಗೆರೆಗೆ ಯಾವುದರದ್ದಾದರೇನು?"

ತಿಮ್ಮಪ್ಪನ ಮುಖ ಅರಳಿತು. ಇಡೀ ರಾತ್ರಿ ನಿದ್ದೆಗೆಟ್ಟ ಕಣ್ಣುಗಳಲ್ಲಿ ನೀರು ಬಂತು. "ನಾ ಹೇಳ್ಲಿಲ್ವಾ," ಎಂದು ವಿನೋದನಿಗೆ ಹೇಳಿ, ಹಾಳೆಯನ್ನು ಮಂಚದ ಅಂಚಿಗೆ ಬಿಡಿಸಿಟ್ಟ. ಮೋಹನ ಅಂದು ಎಳೆದ ಗೆರೆ ಹಾಗೇ ಇತ್ತು, ಮೂರು ತುದಿಗಳಿಗೆ ಸರಿಯಾಗಿ ಮುಟ್ಟಿಕೊಂಡು. ಆಮೇಲೆ ಹಾಕಿದ ಚುಕ್ಕೆಗಳು ಅದರ ಕೆಳಗೆ ಸ್ವಲ್ಪ ದೂರ ತಂಗಿ, ಒಂದು ಗೆರೆಯ ಮೇಲೆಯೇ ಕೂತು, ಇನ್ನೊಂದು ದಾಟಿ, ಇವತ್ತಿನದು ಎಲ್ಲಕ್ಕಿಂತ ಮೇಲೆ, ಹಾಳೆಯ ಬಲತುದಿಯ ಹತ್ತಿರ ಒಂಟಿಯಾಗಿತ್ತು. ತಿಮ್ಮಪ್ಪ ಬೆರಳಿಂದ ಅದನ್ನು ಮುಟ್ಟಿದ. "ಸುಳ್ಳು ಮುರಿತ ಆಗ್ಲಿಕ್ಕೂ ಸಾಕಲ್ದಾ ಸರ್?" ಎಂದು ಮೆಲ್ಲಗೆ ಕೇಳಿದ. ಕೇಳುತ್ತಲೇ ಪೆನ್ಸಿಲು ಕೊಟ್ಟ.

ಪೆನ್ಸಿಲು ಚೂಪಾಗಿತ್ತು. ಇದಕ್ಕೆಂದೇ ಚೂಪು ಮಾಡಿಟ್ಟುಕೊಂಡಿರಬೇಕು. ಮೋಹನ ಹಾಳೆಯನ್ನು ನೋಡಿದ. ನೋಡುತ್ತಿದ್ದಂತೆ ವಾರ್ಡಿನ ಸದ್ದು ದೂರವಾಯಿತು, ಬೋರ್ಡಿನ ಮುಂದೆ ಆಗುವ ಹಾಗೆ. ಹೊಸ ಚುಕ್ಕೆಯನ್ನು ತುದಿಯೆಂದು ಇಟ್ಟುಕೊಂಡರೆ ಹಳೆಯ ಮೂರು ತುದಿಗಳು ಬರೀ ನಡುವಿನ ತಂಗುದಾಣಗಳು. ಮಾಡು ಇರುವುದು ಇನ್ನೂ ಮೇಲೆ. ಅಂದು ಕೆಳಗೆ ಎಳೆದದ್ದೇ ಅವಸರವಾಗಿತ್ತು. ಅದು ತಪ್ಪಲ್ಲ, ಅವಸರ. ಕೈ ತಾನಾಗಿ ಹೋಯಿತು. ಎಲ್ಲ ಚುಕ್ಕೆಗಳ ಮೇಲೆ, ಹಾಳೆಯ ಈ ಅಂಚಿನಿಂದ ಆ ಅಂಚಿಗೆ, ಅಳತೆಪಟ್ಟಿ ಇಲ್ಲದೆ, ಹಾಸಿಗೆಯ ಮೆತ್ತನೆಯ ಮೇಲೂ ಕೂದಲೆಳೆಯಷ್ಟು ಬಾಗದ ಗೆರೆ.

"ಇದು ಸಲಹೆ ಅಲ್ಲ," ಎಂದ ಮೋಹನ. "ಅಭ್ಯಾಸಕ್ಕೆ ಮಾತ್ರ."

"ಗೊತ್ತುಂಟು," ಎಂದ ತಿಮ್ಮಪ್ಪ ಕೈ ಜೋಡಿಸಿ. ಓದು ಮುಗಿಸುವ ಮಾತಿಗಾಗಿ ಕಾದ. ಮೋಹನ ಅದನ್ನು ಹೇಳಲಿಲ್ಲ. ಹೇಳದೆ ಇದ್ದದ್ದನ್ನೇ ತಿಮ್ಮಪ್ಪ 'ಕಾಯಿ' ಎಂದು ತಿಳಿದುಕೊಂಡ. ಎದ್ದು, ಅಂಗಿ ಸರಿಮಾಡಿಕೊಂಡು, ವೈದ್ಯೆಯ ಮೇಜಿನ ಕಡೆ ಹೋದ. "ಇವತ್ತೊಂದಿನ ಕಾಯ್ತೇವೆ ಮೇಡಮ್" ಎಂದು ಅವನು ಹೇಳುವುದು, ಅವಳ ದನಿ ಏರುವುದು, ವಿನೋದ "ತಿಮ್ಮಪ್ಪಣ್ಣ, ನಿಮ್ಗೆ ಮರ್ಳಾ?" ಎಂದು ಅವನ ಹಿಂದೆ ಓಡುವುದು ಎಲ್ಲ ಕೇಳಿಸಿತು. ಮೋಹನ ತಲೆ ಎತ್ತಿದರೆ ಸಾಕಿತ್ತು.

ಲಕ್ಕಿ ಕೈ ಚಾಚಿದ್ದಳು. ಅವನು ಹಾಳೆಯನ್ನು ಅವಳ ಕಡೆ ತಿರುಗಿಸಿ ಹಿಡಿದ. ಅವಳು ಮೇಲಿನ ಗೆರೆಯ ಮೇಲೆ ಬೆರಳಿಟ್ಟಳು.

"ಇದು... ಮಾಡಾ?"

"ಹೌದು."

"ಚಂದ ಆತು." ಉಸಿರಿಗೆ ನಿಂತಳು. "ಗೋಡೆ ಎಲ್ಲಿ ಅದೆ ಮಾಸ್ತರೇ? ಮಾಡು ಎಂತದ್ರ ಮೇಲೆ ನಿಲ್ತದೆ?"

ಪೆನ್ಸಿಲು ಇನ್ನೂ ಅವನ ಕೈಯಲ್ಲೇ ಇತ್ತು. ಒಂದನೆಯ ತರಗತಿಯ ಮಕ್ಕಳು ಕೇಳಿದಾಗ ಬರೆದುಕೊಡುವ ಹಾಗೆ, ಅವನು ಮಾಡಿನ ಎರಡು ತುದಿಗಳಿಂದ ನೆಲದವರೆಗೆ ಎರಡು ಗೋಡೆ ಎಳೆದುಕೊಟ್ಟ. ಎರಡೂ ನೆಟ್ಟಗಿದ್ದವು. ಇವತ್ತಿನ ಚುಕ್ಕೆಯ ಆಚೆ, ಬಲಗಡೆ, ಇನ್ನೊಂದು ಚುಕ್ಕೆ ಇಡುವಷ್ಟು ಜಾಗ ಉಳಿಯಲಿಲ್ಲ.